ನಿದ್ದೆ ಹಿಡಿಯೋ ಕ್ಯಾಮೆರಾ ಇಲ್ಲ

ಇವತ್ತು ಅತಿಥಿಗಳು ಯಾರೂ ಇಲ್ಲ. ಆಗಾಗ ನಾನೊಬ್ಬನೇ ಕೂತು ನನ್ನ ಅಭಿಪ್ರಾಯ ಹೇಳ್ತೀನಲ್ಲ, ಅಂಥದೊಂದು ಸಂಚಿಕೆ ಇದು. ಕ್ರಿಸ್ಮಸ್ ರಜೆ ಹತ್ತಿರ ಬಂದಿದೆ, ಹಾಗಾಗಿ ಈ ಮಾತನ್ನ ಈ ವಾರವೇ ಹೇಳಬೇಕು.

ಮೆಲ್ಬರ್ನ್‌ನಿಂದ ಒಬ್ಬ ಕೇಳುಗರು ಬರೆದಿದ್ದಾರೆ. "ಸರ್, ರಜೆಗೆ ಸಿಡ್ನಿಯಲ್ಲಿರೋ ಅಕ್ಕನ ಮನೆಗೆ ಹೊರಟಿದ್ದೀವಿ. ಶುಕ್ರವಾರ ಆಫೀಸು ಮುಗಿಸಿ, ಊಟ ಮಾಡಿ, ರಾತ್ರಿ ಎಂಟಕ್ಕೆ ಬಿಡೋದು. ಮಕ್ಕಳು ಮಲಗಿಬಿಡ್ತಾರೆ, ಟ್ರಾಫಿಕ್ಕೂ ಇರಲ್ಲ. ನನಗೆ ನಿದ್ದೆ ಬರಬಾರದು ಅಂತ ನಿಮ್ಮ ಹಳೇ ಸಂಚಿಕೆಗಳನ್ನೆಲ್ಲ ಡೌನ್‌ಲೋಡ್ ಮಾಡಿಟ್ಕೊಂಡಿದ್ದೀನಿ."

ಓದಿ ಮೊದಲು ಖುಷಿ ಆಯ್ತು. ನನ್ನ ಮಾತು ಕೇಳಿದ್ರೆ ನಿದ್ದೆ ಬರಲ್ಲ ಅಂತ ಒಬ್ಬರಾದರೂ ಹೇಳಿದ್ರಲ್ಲ! ಆಮೇಲೆ ಹೊಟ್ಟೆಯಲ್ಲಿ ಒಂಥರಾ ತಳಮಳ ಶುರುವಾಯ್ತು. ಯಾಕಂದ್ರೆ ಇದೇ ರಸ್ತೆಯಲ್ಲಿ, ಇದೇ ತರಹ, ಇದೇ ಲೆಕ್ಕ ಹಾಕಿಕೊಂಡು ನಾನೂ ಹೋಗಿದ್ದೆ. ಅವರಿಗೆ ಕೊಡೋ ಉತ್ತರವನ್ನ ನಿಮ್ಮೆಲ್ಲರ ಮುಂದೆಯೇ ಹೇಳೋಣ ಅನ್ನಿಸ್ತು.

ಮೊದಲು ನೇರ ಉತ್ತರ. ಪಾಡ್‌ಕಾಸ್ಟ್ ಕೇಳಿದ್ರೆ ನಿದ್ದೆ ತಡೆಯೋಕಾಗಲ್ಲ. ಬ್ರಿಟನ್ನಿನ ಲಫ್‌ಬರೋ ವಿಶ್ವವಿದ್ಯಾಲಯದಲ್ಲಿ ಲೂಯಿಸ್ ರೇನರ್ ಮತ್ತು ಜಿಮ್ ಹಾರ್ನ್ ಅನ್ನೋ ಸಂಶೋಧಕರು 1990ರ ದಶಕದಲ್ಲಿ ಇದನ್ನೇ ಪರೀಕ್ಷಿಸಿದರು. ನಿದ್ದೆಗೆಟ್ಟವರನ್ನ ಡ್ರೈವಿಂಗ್ ಸಿಮ್ಯುಲೇಟರಿನಲ್ಲಿ ಕೂರಿಸಿದರು. ಕೆಲವು ಸಲ ಮುಖಕ್ಕೆ ತಣ್ಣನೆ ಗಾಳಿ ಬಿಟ್ಟರು, ಕೆಲವು ಸಲ ರೇಡಿಯೋ ಹಾಕಿದರು. ಎರಡರಿಂದಲೂ ಸಿಕ್ಕಿದ ಉಪಯೋಗ ತೀರಾ ಕಡಿಮೆ, ಅದೂ ಸ್ವಲ್ಪ ಹೊತ್ತು ಮಾತ್ರ. ಕಿಟಕಿ ಇಳಿಸೋದು, ಎ.ಸಿ. ಜೋರು ಮಾಡೋದು, ಹಾಡು ಹಾಕೋದು, ನಾವು ನೆಚ್ಚಿಕೊಂಡಿರೋ ಈ ಉಪಾಯಗಳೆಲ್ಲ ನಿದ್ದೆಯನ್ನ ಒಂದೆರಡು ಊರು ಆಚೆಗೆ ತಳ್ಳಬಹುದು, ಅಷ್ಟೆ. ಮುಂದಿನ ಊರಲ್ಲಿ ಅದು ಕಾದಿರುತ್ತೆ.

ಈಗ ನನ್ನ ಕಥೆ. ಕೆಲವು ವರ್ಷಗಳ ಹಿಂದೆ ಅಪ್ಪ ಅಮ್ಮ ಊರಿಂದ ಬಂದಿದ್ರು. ಅವರಿಗೆ ಮೆಲ್ಬರ್ನ್ ತೋರಿಸಬೇಕು ಅಂತ ಡಿಸೆಂಬರ್ ರಜೆಯಲ್ಲಿ ಸಿಡ್ನಿಯಿಂದ ಹೊರಟ್ವಿ. ಹ್ಯೂಮ್ ಹೆದ್ದಾರಿ ಹಿಡಿದ್ರೆ ಸುಮಾರು 880 ಕಿಲೋಮೀಟರ್. ಬೆಳಿಗ್ಗೆ ಆರಕ್ಕೆ ಎದ್ದಿದ್ದೆ. ಇಡೀ ದಿನ ಕೆಲಸ, ಸಂಜೆ ಸಾಮಾನು ಕಟ್ಟೋ ಗಡಿಬಿಡಿ. ಹೊರಟಾಗ ರಾತ್ರಿ ಎಂಟೂವರೆ. ಅಮ್ಮ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು. ರಾಹುಕಾಲ ಬೆಳಿಗ್ಗೆಯೇ ಕಳೆದಿತ್ತು, ಅದನ್ನೂ ನೋಡಿಕೊಂಡಿದ್ರು. ಗಾಡಿ ಓಡಿಸೋನು ಎದ್ದು ಎಷ್ಟು ಗಂಟೆ ಆಯ್ತು ಅನ್ನೋದನ್ನ ಮಾತ್ರ ಯಾರೂ ನೋಡಲಿಲ್ಲ. ನಾನೂ ನೋಡಲಿಲ್ಲ.

ಗಂಡಗೈ ದಾಟಿದಾಗ ಹನ್ನೆರಡೂವರೆ ಆಗಿತ್ತು. ಹೆಂಡತಿ, ಅಮ್ಮ, ಮಗಳು ಹಿಂದೆ ಮಲಗಿದ್ರು. ಪಕ್ಕದಲ್ಲಿ ಅಪ್ಪ ತಲೆ ವಾಲಿಸಿಕೊಂಡಿದ್ರು. ರಸ್ತೆ ನೇರ, ಎದುರು ಬೆಳಕಿಲ್ಲ, ಕ್ರೂಸ್ ಕಂಟ್ರೋಲ್ 110ಕ್ಕೆ ಹಾಕಿದ್ದೆ. ಮುಂದೆ ನೆನಪಿರೋದು ಶಬ್ದ ಮಾತ್ರ. ರಸ್ತೆ ಅಂಚಿನ ಬಿಳಿ ಗೆರೆ ಮೇಲೆ ಉಬ್ಬುಗಳನ್ನ ಮಾಡಿರ್ತಾರಲ್ಲ, ಅದರ ಮೇಲೆ ಎಡಗಡೆ ಚಕ್ರ ಹತ್ತಿ ಗರ್‌ರ್ ಅಂತು. ಬೆಚ್ಚಿ ಸ್ಟೀರಿಂಗ್ ತಿರುಗಿಸಿದೆ. ಕಾರು ಒಮ್ಮೆ ತೂರಾಡಿ ಮತ್ತೆ ಲೇನಿಗೆ ಬಂತು. ಅಪ್ಪ "ಏನಾಯ್ತೋ?" ಅಂದ್ರು. "ಏನಿಲ್ಲ ಅಪ್ಪ, ರಸ್ತೆ ಸರಿ ಇಲ್ಲ" ಅಂದೆ. ಸುಳ್ಳು. ರಸ್ತೆ ಚೆನ್ನಾಗಿಯೇ ಇತ್ತು. ಆ ಉಬ್ಬುಗೆರೆ ಇಲ್ಲದಿದ್ದರೆ ಈ ಪಾಡ್‌ಕಾಸ್ಟೇ ಇರ್ತಿರಲಿಲ್ಲ.

ಟಾರ್ಕಟ್ಟಾ ಬಂದ ಮೇಲೆ ಗಾಡಿ ನಿಲ್ಲಿಸಿ ಮಲಗಿದೆ. ಎರಡು ದಿನ ಕಳೆದು, ಮೆಲ್ಬರ್ನ್‌ನಲ್ಲಿ ಕಾಫಿ ಕುಡಿಯುವಾಗ ಅಪ್ಪ ಮೆಲ್ಲಗೆ ಹೇಳಿದ್ರು: "ಆವತ್ತು ರಾತ್ರಿ ನೀನು ತೂಕಡಿಸ್ತಿದ್ದಿದ್ದು ನನಗೆ ಗೊತ್ತಾಗಿತ್ತು ಕಣೋ. ಅದಕ್ಕೂ ಅರ್ಧ ಗಂಟೆ ಮುಂಚಿನಿಂದ ನೋಡ್ತಾನೇ ಇದ್ದೆ. ನನಗೆ ಡ್ರೈವಿಂಗ್ ಬರಲ್ಲ, ಈ ದೇಶದ ರಸ್ತೆ ಗೊತ್ತಿಲ್ಲ, ನಿನಗೆ ಹೇಗೆ ಹೇಳೋದು ಅಂತ ಸುಮ್ಮನಿದ್ದೆ." ಅವರು ನಿದ್ದೆ ಮಾಡಿರಲೇ ಇಲ್ಲ. ಈ ಮಾತಿಗೆ ಮತ್ತೆ ಬರ್ತೀನಿ.

ಈಗ ವಿಜ್ಞಾನ. 1997ರಲ್ಲಿ ಆಸ್ಟ್ರೇಲಿಯಾದ ಡ್ರೂ ಡಾಸನ್ ಮತ್ತು ಕ್ಯಾಥರಿನ್ ರೀಡ್ "ನೇಚರ್" ಪತ್ರಿಕೆಯಲ್ಲಿ ಒಂದು ಪುಟ್ಟ ಲೇಖನ ಪ್ರಕಟಿಸಿದರು. 40 ಜನರನ್ನ ಎರಡು ಬೇರೆ ಬೇರೆ ಸಂದರ್ಭಗಳಲ್ಲಿ ಪರೀಕ್ಷೆ ಮಾಡಿದ್ದರು. ಒಮ್ಮೆ ಅವರನ್ನ ನಿದ್ದೆ ಇಲ್ಲದೆ ಎಚ್ಚರವಾಗಿಟ್ಟರು, ಇನ್ನೊಮ್ಮೆ ಸ್ವಲ್ಪ ಸ್ವಲ್ಪವಾಗಿ ಮದ್ಯ ಕುಡಿಸಿದರು. ಎರಡೂ ಸಲ ಕಣ್ಣು-ಕೈ ಹೊಂದಾಣಿಕೆಯ ಒಂದೇ ಪರೀಕ್ಷೆ. 17 ಗಂಟೆ ಎಚ್ಚರವಾಗಿದ್ದವರ ಸಾಮರ್ಥ್ಯ, ರಕ್ತದಲ್ಲಿ ಶೇಕಡಾ 0.05 ಮದ್ಯ ಇದ್ದವರ ಮಟ್ಟಕ್ಕೆ ಇಳಿದಿತ್ತು. 24 ಗಂಟೆ ಎಚ್ಚರವಾಗಿದ್ದಾಗ ಅದು ಶೇಕಡಾ 0.10ಕ್ಕೆ ಸಮ.

0.05 ಅಂದ್ರೆ ಆಸ್ಟ್ರೇಲಿಯಾದಲ್ಲಿ ಪೂರ್ಣ ಲೈಸೆನ್ಸ್ ಇದ್ದವರಿಗೆ ಕಾನೂನಿನ ಗಡಿ. ಭಾರತದಲ್ಲಿ ಗಡಿ ಇನ್ನೂ ಕಡಿಮೆ, 0.03.

ನಮ್ಮ ಕೇಳುಗರ ಪ್ರಯಾಣಕ್ಕೆ ಈ ಅಂಕಿಗಳನ್ನ ಹಚ್ಚಿ ನೋಡೋಣ. ಬೆಳಿಗ್ಗೆ ಆರೂವರೆಗೆ ಎದ್ದಿರ್ತಾರೆ ಅಂದ್ಕೊಳ್ಳಿ. ರಾತ್ರಿ ಎಂಟಕ್ಕೆ ಮೆಲ್ಬರ್ನ್ ಬಿಟ್ಟರೆ ಆಲ್ಬರಿ ಹತ್ತಿರ ಬರೋ ಹೊತ್ತಿಗೆ ಹನ್ನೊಂದೂವರೆ. ಅಲ್ಲಿಗೆ 17 ಗಂಟೆ ಆಯ್ತು. ಇನ್ನೂ 550 ಕಿಲೋಮೀಟರ್ ಬಾಕಿ. ಸಿಡ್ನಿ ತಲುಪುವಾಗ ಬೆಳಗಿನ ಜಾವ ಐದೂವರೆ, ಎಚ್ಚರವಾಗಿದ್ದು 23 ಗಂಟೆ. ಇದರ ಮೇಲೆ ನಮ್ಮ ದೇಹದ ಒಳಗಿನ ಗಡಿಯಾರ ಇದೆ. ನಡುರಾತ್ರಿಯಿಂದ ಬೆಳಗಿನ ಜಾವದವರೆಗೆ ಅದು "ಮಲಗು ಮಲಗು" ಅಂತ ಒತ್ತಾಯ ಮಾಡೋ ಸಮಯ. ಪೂರ್ತಿ ನಿದ್ದೆ ಮಾಡಿದವರಿಗೂ ಆ ಹೊತ್ತು ಕಷ್ಟವೇ.

ನಮ್ಮವರ ಪಾರ್ಟಿಗಳಲ್ಲಿ ಈಗ ಒಂದು ಒಳ್ಳೇ ಅಭ್ಯಾಸ ಬಂದಿದೆ. ಎರಡು ಪೆಗ್ ಹಾಕಿದವರು ಕೀ ಕೊಟ್ಟುಬಿಡ್ತಾರೆ, ಇಲ್ಲಾಂದ್ರೆ ಯಾರಾದರೂ ಕಿತ್ಕೋತಾರೆ. ಕುಡಿದು ಓಡಿಸ್ತೀನಿ ಅಂದ್ರೆ ಮನೆಯವರು ಕಾರು ಹತ್ತಲ್ಲ. ಆದರೆ 19 ಗಂಟೆ ಎಚ್ಚರವಾಗಿದ್ದವನ ಕಾರಿಗೆ ಮಕ್ಕಳನ್ನ ಎತ್ತಿಕೊಂಡು ಬಂದು ಮಲಗಿಸ್ತೀವಿ. ಕುಡಿದು ಓಡಿಸೋನನ್ನ ಬೇಜವಾಬ್ದಾರಿ ಅಂತೀವಿ, ರಾತ್ರಿಯೆಲ್ಲ ಓಡಿಸಿದೋನನ್ನ "ಅಬ್ಬಾ, ಒಂದೇ ಏಟಿಗೆ ಬಂದ್ರಾ!" ಅಂತ ಹೊಗಳ್ತೀವಿ. ನನ್ನ ತಕರಾರು ಇರೋದು ಇಲ್ಲೇ.

"ನನಗೆ ನಿದ್ದೆ ಬಂದ್ರೆ ನನಗೇ ಗೊತ್ತಾಗುತ್ತಲ್ಲ, ಆಗ ನಿಲ್ಲಿಸ್ತೀನಿ" ಅಂತ ನೀವು ಹೇಳಬಹುದು. 2003ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಹಾನ್ಸ್ ವ್ಯಾನ್ ಡಾಂಗೆನ್, ಡೇವಿಡ್ ಡಿಂಜಸ್ ಮತ್ತು ಸಂಗಡಿಗರು ಒಂದು ಅಧ್ಯಯನ ಪ್ರಕಟಿಸಿದರು. ಜನರಿಗೆ ಎರಡು ವಾರ ದಿನಕ್ಕೆ ಆರೇ ಗಂಟೆ ಅಥವಾ ಇನ್ನೂ ಕಡಿಮೆ ನಿದ್ದೆ ಕೊಟ್ಟರು. ಅವರ ಗಮನಶಕ್ತಿ ದಿನದಿಂದ ದಿನಕ್ಕೆ ಕುಸೀತಾ ಹೋಯ್ತು, ಕೊನೆಗೆ ಒಂದೆರಡು ರಾತ್ರಿ ಪೂರ್ತಿ ನಿದ್ದೆಗೆಟ್ಟವರ ಮಟ್ಟಕ್ಕೆ ಬಂತು. ಆದರೆ "ನಿಮಗೆ ಎಷ್ಟು ನಿದ್ದೆ ಬರ್ತಿದೆ?" ಅಂತ ಕೇಳಿದ್ರೆ, ಮೊದಲ ಕೆಲವು ದಿನಗಳಾದ ಮೇಲೆ ಅವರು ಕೊಡ್ತಿದ್ದ ಉತ್ತರದಲ್ಲಿ ಅಷ್ಟೇನೂ ಬದಲಾವಣೆ ಇರಲಿಲ್ಲ. ಅಂದ್ರೆ ಸಾಮರ್ಥ್ಯ ಕುಸೀತಾನೇ ಇದೆ, ಆದರೆ ಕುಸೀತಿದೆ ಅನ್ನೋ ಅರಿವು ಅಲ್ಲೇ ನಿಂತಿದೆ. ರಜೆಗೆ ಮುಂಚಿನ ಎರಡು ವಾರ ನಮ್ಮಲ್ಲಿ ಬಹಳ ಜನಕ್ಕೆ ಇದೇ ಸ್ಥಿತಿ. ಆಫೀಸಿನ ಕೆಲಸ ಮುಗಿಸಬೇಕು, ಶಾಪಿಂಗ್ ಆಗಬೇಕು, ರಾತ್ರಿ ಇಂಡಿಯಾದ ಟೀಮ್ ಜೊತೆ ಕಾಲ್ ಇರುತ್ತೆ. ನಿದ್ದೆಯ ಸಾಲ ಹೊತ್ತುಕೊಂಡೇ ಸ್ಟೀರಿಂಗ್ ಹಿಡೀತೀವಿ.

ಇನ್ನು ಸ್ವಲ್ಪ ಭೌತಶಾಸ್ತ್ರ. ಗಂಟೆಗೆ 110 ಕಿಲೋಮೀಟರ್ ಅಂದ್ರೆ ಸೆಕೆಂಡಿಗೆ ಸುಮಾರು 30 ಮೀಟರ್. ನಾಲ್ಕು ಸೆಕೆಂಡ್ ಕಣ್ಣು ಮುಚ್ಚಿದ್ರೆ ಕಾರು 120 ಮೀಟರಿಗಿಂತ ಹೆಚ್ಚು ದೂರ ಯಾರ ಹಿಡಿತವೂ ಇಲ್ಲದೆ ಹೋಗಿರುತ್ತೆ. ಆ ವೇಗದಲ್ಲಿ ಮರಕ್ಕೆ ಗುದ್ದೋದು ಅಂದ್ರೆ ಸುಮಾರು 47 ಮೀಟರ್ ಎತ್ತರದಿಂದ, ಅಂದ್ರೆ ಹದಿನೈದು ಹದಿನಾರು ಅಂತಸ್ತಿನ ಕಟ್ಟಡದ ಮೇಲಿಂದ, ಕಾರನ್ನ ಕೆಳಗೆ ಬೀಳಿಸಿದ ಹಾಗೆ. ಎಚ್ಚರ ಇದ್ದವನು ಕೊನೇ ಗಳಿಗೆಯಲ್ಲಾದರೂ ಬ್ರೇಕ್ ತುಳೀತಾನೆ, ವೇಗ ಅರ್ಧಕ್ಕಾದರೂ ಇಳಿಯುತ್ತೆ. ನಿದ್ದೆ ಹೋದವನು ಬ್ರೇಕ್ ಮುಟ್ಟೋದೇ ಇಲ್ಲ. ಇಂಥ ಅಪಘಾತಗಳಲ್ಲಿ ಎಷ್ಟೋ ಸಲ ರಸ್ತೆ ಮೇಲೆ ಟಯರ್ ಎಳೆದ ಗುರುತೇ ಇರಲ್ಲ.

ವೇಗದ ವಿಷಯ ಬಂತಲ್ಲ, ಅದನ್ನೂ ಲೆಕ್ಕ ಹಾಕೋಣ. "110ರ ರಸ್ತೆಯಲ್ಲಿ 120 ಹೋದ್ರೆ ಏನ್ ಮಹಾ?" ಅಂತೀವಿ. ಮುಂದೆ ಕಾಂಗರೂ ಅಡ್ಡ ಬಂತು. ಇಬ್ಬರು ಡ್ರೈವರುಗಳೂ ಎಚ್ಚರವಾಗಿದ್ದಾರೆ, ಇಬ್ಬರಿಗೂ ಬ್ರೇಕ್ ತುಳಿಯೋಕೆ ಒಂದೂವರೆ ಸೆಕೆಂಡ್ ಬೇಕು, ಒಣಗಿದ ರಸ್ತೆ, ಒಂದೇ ತರಹದ ಬ್ರೇಕು. 110ರಲ್ಲಿ ಬಂದವರು ಸುಮಾರು 112 ಮೀಟರಿನಲ್ಲಿ ನಿಲ್ತಾರೆ. 120ರಲ್ಲಿ ಬಂದವರ ಕಾರು ಅದೇ ಜಾಗದಲ್ಲಿ ಇನ್ನೂ ಗಂಟೆಗೆ 55 ಕಿಲೋಮೀಟರ್ ವೇಗದಲ್ಲಿರುತ್ತೆ. ಮೊದಲು ಇದ್ದ ವ್ಯತ್ಯಾಸ 10, ಕೊನೆಗೆ ಆಗಿದ್ದು 55. ಚಲನ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತೆ ಅಂತ ಹೈಸ್ಕೂಲಿನಲ್ಲಿ ಓದಿದ್ದು ಇದೇ. ಇದರಿಂದ ಉಳಿಯೋ ಸಮಯ? 100 ಕಿಲೋಮೀಟರಿಗೆ ನಾಲ್ಕೂವರೆ ನಿಮಿಷ. ಪೆಟ್ರೋಲ್ ಬಂಕಿನಲ್ಲಿ ಒಂದು ಸಲ ಶೌಚಾಲಯದ ಮುಂದೆ ಕಾಯೋ ಹೊತ್ತು.

ವೇಗಕ್ಕೆ ಇಲ್ಲಿ ಕಾವಲು ಬೇಕಾದಷ್ಟಿದೆ. ಬೇರೆ ದೇಶದ ಕೇಳುಗರಿಗಾಗಿ ಹೇಳ್ತೀನಿ: ನಾನಿರೋ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಕ್ರಿಸ್ಮಸ್, ಈಸ್ಟರ್ ತರಹದ ರಜೆಗಳಲ್ಲಿ "ಡಬಲ್ ಡೀಮೆರಿಟ್" ಅಂತ ಜಾರಿಯಲ್ಲಿರುತ್ತೆ. ತಪ್ಪು ಮಾಡಿದ್ರೆ ಲೈಸೆನ್ಸಿನ ಮೇಲೆ ಬೀಳೋ ಅಂಕಗಳು ಆ ದಿನಗಳಲ್ಲಿ ಎರಡು ಪಟ್ಟು. ವೇಗ, ಸೀಟ್ ಬೆಲ್ಟ್, ಮೊಬೈಲ್ ಫೋನ್, ಬೈಕಿನವರಿಗೆ ಹೆಲ್ಮೆಟ್, ಇವಕ್ಕೆ ಇದು ಅನ್ವಯ. ಪೂರ್ಣ ಲೈಸೆನ್ಸ್ ಇದ್ದವರಿಗೆ ಮೂರು ವರ್ಷದಲ್ಲಿ 13 ಅಂಕ ತುಂಬಿದ್ರೆ ಲೈಸೆನ್ಸ್ ಅಮಾನತು. ಕೈಯಲ್ಲಿ ಫೋನ್ ಹಿಡಿದ್ರೆ ಮಾಮೂಲಿ ದಿನದಲ್ಲಿ 5, ರಜೆಯಲ್ಲಿ 10. ಹಿಂದೆ ಕೂತವರು ಬೆಲ್ಟ್ ಹಾಕದಿದ್ರೂ ಅಂಕ ಬೀಳೋದು ಡ್ರೈವರಿಗೆ. ಫೋನ್ ಹಿಡಿಯೋ ಕ್ಯಾಮೆರಾಗಳು 2020ರ ಮಾರ್ಚ್‌ನಿಂದ ದಂಡ ಹಾಕ್ತಿವೆ, 2024ರ ಜುಲೈನಿಂದ ಅವೇ ಕ್ಯಾಮೆರಾಗಳು ಸೀಟ್ ಬೆಲ್ಟನ್ನೂ ನೋಡ್ತಿವೆ.

ಪ್ರತಿ ಡಿಸೆಂಬರಿನಲ್ಲೂ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಇದರ ಬಗ್ಗೆ ಗೊಣಗಾಟ ಶುರುವಾಗುತ್ತೆ. "ಇದೆಲ್ಲ ಸರ್ಕಾರದ ದುಡ್ಡು ಮಾಡೋ ದಾರಿ ಸಾರ್." ಜೊತೆಗೇ ಕ್ಯಾಮೆರಾ ಎಲ್ಲೆಲ್ಲಿದೆ ಅನ್ನೋ ಪಟ್ಟಿ. ನಾನು ಈ ಗೊಣಗಾಟವನ್ನ ಒಪ್ಪಲ್ಲ. ಆಸ್ಟ್ರೇಲಿಯಾದ ಜನಸಂಖ್ಯೆ ಒಂದೂಕಾಲು ಕೋಟಿ ಇದ್ದ 1970ರಲ್ಲಿ ರಸ್ತೆಯಲ್ಲಿ ಸತ್ತವರು 3,798 ಜನ. ಇವತ್ತು ಜನಸಂಖ್ಯೆ ಅದರ ಎರಡು ಪಟ್ಟಿಗಿಂತ ಜಾಸ್ತಿ, ಕಾರುಗಳು ಇನ್ನೂ ಜಾಸ್ತಿ. 2024ರಲ್ಲಿ ಸತ್ತವರು ಸುಮಾರು 1,300. ಈ ಇಳಿಕೆ ತನ್ನಷ್ಟಕ್ಕೆ ಆಗಿದ್ದಲ್ಲ. 1970ರಲ್ಲಿ ವಿಕ್ಟೋರಿಯಾ ರಾಜ್ಯ ಜಗತ್ತಿನಲ್ಲೇ ಮೊದಲು ಸೀಟ್ ಬೆಲ್ಟ್ ಕಡ್ಡಾಯ ಮಾಡಿತು. 1982ರ ಡಿಸೆಂಬರಿನಲ್ಲಿ, ಕ್ರಿಸ್ಮಸ್ಸಿಗೆ ಒಂದು ವಾರ ಮುಂಚೆ, ನ್ಯೂ ಸೌತ್ ವೇಲ್ಸ್‌ನಲ್ಲಿ ಯಾರನ್ನ ಬೇಕಾದರೂ ನಿಲ್ಲಿಸಿ ಉಸಿರು ಪರೀಕ್ಷೆ ಮಾಡೋದು ಶುರುವಾಯ್ತು. ಆಗಲೂ ಜನ ಗೊಣಗಿದ್ದರು. ಆದರೆ ಸಾವುಗಳು ಇಳಿದವು. ಎಷ್ಟು ದಂಡ ಬೀಳುತ್ತೆ ಅನ್ನೋದಕ್ಕಿಂತ, ಸಿಕ್ಕಿ ಬೀಳೋದು ಖಂಡಿತ ಅನ್ನೋ ಭಾವನೆಯೇ ನಡತೆ ತಿದ್ದುತ್ತೆ. ನಮ್ಮ ಬೆಂಗಳೂರು–ಮೈಸೂರು ಹೆದ್ದಾರಿಯನ್ನೇ ನೋಡಿ. 2023ರಲ್ಲಿ ಉದ್ಘಾಟನೆ ಆದ ಮೊದಲ ತಿಂಗಳುಗಳಲ್ಲಿ ದಿನಾ ಅಪಘಾತದ ಸುದ್ದಿ. ಅದೇ ವರ್ಷ ಆಗಸ್ಟಿನಿಂದ ಬೈಕು, ಆಟೋ, ಟ್ರ್ಯಾಕ್ಟರುಗಳನ್ನ ಮುಖ್ಯ ರಸ್ತೆಯಿಂದ ಹೊರಗಿಟ್ಟರು, ವೇಗದ ಕ್ಯಾಮೆರಾ ಹಾಕಿದರು. ಮುಂದಿನ ವರ್ಷ ಸಾವುಗಳು ಬಹಳ ಇಳಿದವು. ಹಾಗಾಗಿ ಡಬಲ್ ಡೀಮೆರಿಟ್ ಇರಲಿ, ಕ್ಯಾಮೆರಾನೂ ಇರಲಿ.

ಆದರೆ ಒಂದು ವಿಷಯ ಗಮನಿಸಿ. ಗಂಡಗೈ ಆಚೆ ಆ ರಾತ್ರಿ ನಾನು ಓಡಿಸ್ತಿದ್ದ ವೇಗ ಸರಿಯಾಗಿ 110. ಬೆಲ್ಟ್ ಹಾಕಿದ್ದೆ. ಎಲ್ಲರಿಗೂ ಹಾಕಿಸಿದ್ದೆ. ಫೋನ್ ಮುಟ್ಟಿರಲಿಲ್ಲ. ಒಂದು ತೊಟ್ಟೂ ಕುಡಿದಿರಲಿಲ್ಲ. ದಾರಿಯುದ್ದಕ್ಕೂ ಇದ್ದ ಅಷ್ಟೂ ಕ್ಯಾಮೆರಾಗಳ ಕಣ್ಣಲ್ಲಿ ನಾನು ಆದರ್ಶ ಚಾಲಕ. ಐದು ಜನರನ್ನ ಸಾಯಿಸೋಕೆ ಹೊರಟಿದ್ದ ಆದರ್ಶ ಚಾಲಕ.

ನಿದ್ದೆ ಹಿಡಿಯೋ ಕ್ಯಾಮೆರಾ ರಸ್ತೆ ಬದಿ ಇಲ್ಲ. ಊದಿಸಿ ನೋಡೋ ಯಂತ್ರವೂ ಇಲ್ಲ. ಇಲ್ಲಿ ದೊಡ್ಡ ಲಾರಿ ಓಡಿಸೋರಿಗೆ ನಿಯಮ ಇದೆ: ಐದೂವರೆ ಗಂಟೆಯೊಳಗೆ ಕನಿಷ್ಠ 15 ನಿಮಿಷ ವಿಶ್ರಾಂತಿ, 24 ಗಂಟೆಯಲ್ಲಿ 12 ಗಂಟೆಗಿಂತ ಹೆಚ್ಚು ಕೆಲಸ ಮಾಡೋ ಹಾಗಿಲ್ಲ, ಒಂದೇ ಸಮನೆ 7 ಗಂಟೆ ಗಾಡಿ ನಿಲ್ಲಿಸಿ ವಿಶ್ರಾಂತಿ ತಗೊಳ್ಳಲೇಬೇಕು. ದೂರದ ಓಟಕ್ಕೆ ಅದನ್ನೆಲ್ಲ ಬರೆದಿಡಬೇಕು. ಅದೇ ರಸ್ತೆಯಲ್ಲಿ ಆಫೀಸಿಂದ ನೇರ ಬಂದು ಕಾರು ಹತ್ತಿದ ನನಗೆ ಇಂಥ ಯಾವ ನಿಯಮವೂ ಇಲ್ಲ. ಅಮೆರಿಕದ ನ್ಯೂ ಜೆರ್ಸಿಯಲ್ಲಿ 2003ರಿಂದ "ಮ್ಯಾಗಿ ಕಾಯ್ದೆ" ಇದೆ. 24 ಗಂಟೆಗಿಂತ ಹೆಚ್ಚು ಎಚ್ಚರವಾಗಿದ್ದು ಓಡಿಸಿ ಯಾರನ್ನಾದರೂ ಸಾಯಿಸಿದ್ರೆ ಅದನ್ನ ದುಡುಕಿನ ಚಾಲನೆ ಅಂತ ನ್ಯಾಯಾಲಯ ಪರಿಗಣಿಸಬಹುದು. ಒಳ್ಳೇ ಕಾಯ್ದೆಯೇ, ಆದರೆ ಅದು ಕೆಲಸಕ್ಕೆ ಬರೋದು ಜೀವ ಹೋದ ಮೇಲೆ. ಹಾಗಾಗಿ ನಿದ್ದೆಗೆ ಕಾವಲು ಇಡಬಹುದಾದ ಜಾಗ ಒಂದೇ, ನಮ್ಮ ಮನೆ ಬಾಗಿಲು. ಹೊರಡೋ ಹೊತ್ತನ್ನ ನಿರ್ಧರಿಸ್ತೀವಲ್ಲ, ಆ ಗಳಿಗೆ.

ರಾತ್ರಿ ಹೊರಡೋರ ವಾದದಲ್ಲೂ ಹುರುಳಿದೆ, ಅದನ್ನ ತಳ್ಳಿ ಹಾಕಲ್ಲ. ಡಿಸೆಂಬರ್ ಅಂದ್ರೆ ಇಲ್ಲಿ ಬೇಸಿಗೆ. ಹಗಲಿನ ಬಿಸಿಲಿನಲ್ಲಿ ಸಣ್ಣ ಮಕ್ಕಳನ್ನ ಒಂಬತ್ತು ಗಂಟೆ ಕಾರಲ್ಲಿ ಕೂರಿಸೋದು ಸುಲಭ ಅಲ್ಲ. ಮಧ್ಯದಲ್ಲಿ ಮೋಟೆಲ್ ಹಿಡಿದ್ರೆ ರಜೆಯ ದರ ಕೈ ಸುಡುತ್ತೆ. ಇರೋದೇ ನಾಲ್ಕು ದಿನ ರಜೆ, ಅದರಲ್ಲಿ ಒಂದು ದಿನ ರಸ್ತೆಗೇ ಹೋಗುತ್ತೆ. ಎಲ್ಲ ನಿಜ. "ಹತ್ತು ವರ್ಷದಿಂದ ಹೀಗೇ ಹೋಗ್ತಿದ್ದೀವಿ, ಏನೂ ಆಗಿಲ್ಲ" ಅನ್ನೋದೂ ನಿಜ. ಆದರೆ ಈ ಕೊನೇ ಮಾತು ನಮ್ಮನ್ನ ದಾರಿ ತಪ್ಪಿಸುತ್ತೆ. ಒಂದು ಪ್ರಯಾಣದಲ್ಲಿ ಅಪಘಾತ ಆಗೋ ಸಂಭವ ಯಾವಾಗಲೂ ಕಡಿಮೆಯೇ. ಹಾಗಾಗಿ ತಪ್ಪು ಮಾಡಿದವನೂ ಸಾಮಾನ್ಯವಾಗಿ ಕ್ಷೇಮವಾಗಿ ಮನೆ ಸೇರ್ತಾನೆ, ಸೇರಿದ ಪ್ರತಿ ಸಲವೂ "ನಾನು ಮಾಡಿದ್ದು ಸರಿ" ಅಂತ ಕಲೀತಾನೆ. ಅವನಿಗೆ ತಪ್ಪು ಗೊತ್ತಾಗೋ ದಿನ ಕಲಿಯೋಕೆ ಅವನೇ ಇಲ್ಲದಿರಬಹುದು.

ನನ್ನ ಸಲಹೆ ಇಷ್ಟೆ. ಶುಕ್ರವಾರ ರಾತ್ರಿ ಮಲಗಿ. ನಾಲ್ಕೈದು ಗಂಟೆಗೆ ಎದ್ದು ಓಡೋದು ಬೇಡ, ನಿದ್ದೆ ಪೂರ್ತಿ ಮಾಡಿ ಬೆಳಕು ಹರಿದ ಮೇಲೆ ಹೊರಡಿ. ಎದ್ದ ಹೊತ್ತಿನಿಂದ ಗಂಟೆ ಎಣಿಸಿ, 16 ಗಂಟೆ ಆಗೋದರೊಳಗೆ ಸ್ಟೀರಿಂಗ್ ಬಿಡೋ ಹಾಗೆ ಲೆಕ್ಕ ಇರಲಿ. ಎರಡು ಗಂಟೆಗೊಮ್ಮೆ ನಿಲ್ಲಿಸಿ. ಹೋಲ್‌ಬ್ರೂಕ್‌ನಲ್ಲಿ ಸಮುದ್ರದಿಂದ ಬಲು ದೂರದಲ್ಲಿ, ಪಾರ್ಕಿನ ಮಧ್ಯೆ ಒಂದು ಜಲಾಂತರ್ಗಾಮಿ ಕೂತಿದೆ. ಮಕ್ಕಳು ಅದರ ಮೇಲೆ ಕುಣಿದಾಡ್ಲಿ. ರಜೆ ದಿನಗಳಲ್ಲಿ "ಡ್ರೈವರ್ ರಿವೈವರ್" ಅಂತ ಬೋರ್ಡ್ ಹಾಕಿಕೊಂಡು ಸ್ವಯಂಸೇವಕರು ಪುಕ್ಕಟೆ ಟೀ ಬಿಸ್ಕತ್ತು ಕೊಡ್ತಾರೆ. ಸಂಕೋಚ ಬೇಡ, ನಿಲ್ಲಿಸಿ, ನಾಲ್ಕು ಮಾತಾಡಿ. ಮಧ್ಯಾಹ್ನ ಊಟದ ಮೇಲೆ ಜೋಂಪು ಹತ್ತಿದ್ರೆ ಅದೇ ಲಫ್‌ಬರೋ ಸಂಶೋಧಕರು ಕಂಡುಕೊಂಡ ಉಪಾಯ ಒಂದಿದೆ: ಗಾಡಿ ನಿಲ್ಲಿಸಿ ಒಂದು ಗಟ್ಟಿ ಕಾಫಿ ಕುಡಿದು ತಕ್ಷಣ 15 ನಿಮಿಷ ಕಣ್ಣು ಮುಚ್ಚೋದು. ಕಾಫಿ ರಕ್ತಕ್ಕೆ ಸೇರೋ ಹೊತ್ತಿಗೆ ಕಿರುನಿದ್ದೆಯೂ ಮುಗಿದಿರುತ್ತೆ. ಆದರೆ ಇದು ಮುಂದಿನ ಊರಿನ ತನಕ ಸಾಕು, ರಾತ್ರಿ ನಿದ್ದೆಗೆ ಬದಲಿ ಅಂತೂ ಅಲ್ಲ.

ಈಗ ಅಪ್ಪನ ಮಾತಿಗೆ ಬರ್ತೀನಿ. ಅರ್ಧ ಗಂಟೆ ಅವರು ನನ್ನ ತೂಕಡಿಕೆ ನೋಡಿದ್ರು, ಹೇಳೋಕೆ ಆಗಲಿಲ್ಲ. ಮಗನ ಮನೆಗೆ ಬಂದಿರೋ ಅತಿಥಿ ಅನ್ನೋ ಭಾವನೆ, ಬೇರೆ ದೇಶ, ಡ್ರೈವಿಂಗ್ ಗೊತ್ತಿಲ್ಲ ಅನ್ನೋ ಹಿಂಜರಿಕೆ. ಎಷ್ಟೋ ಮನೆಗಳಲ್ಲಿ ಹೆಂಡತಿ ಹೇಳಿದ್ರೆ "ನೀನು ಸುಮ್ನಿರು, ನನಗೆ ಗೊತ್ತು" ಅಂತ ಗದರೋರೂ ಇದ್ದಾರೆ. ನಿದ್ದೆಗೆಟ್ಟವನಿಗೆ ತನ್ನ ಸ್ಥಿತಿ ಗೊತ್ತಾಗಲ್ಲ ಅಂತ ವಿಜ್ಞಾನ ಹೇಳ್ತಿರುವಾಗ, ಕಾರಿನಲ್ಲಿರೋ ಒಳ್ಳೇ ಅಳತೆಗೋಲು ಪಕ್ಕದಲ್ಲಿ ಕೂತವರ ಕಣ್ಣು. ಅದಕ್ಕೇ ಈಗ ನಮ್ಮನೆಯಲ್ಲಿ ಹೊರಡೋ ಮುಂಚೆ ಒಂದು ಮಾತು ಆಗಿರುತ್ತೆ: ಕಾರಿನಲ್ಲಿರೋ ಯಾರೇ ಆಗಲಿ, ಎಂಟು ವರ್ಷದ ಮಗಳೇ ಆಗಲಿ, "ನಿಲ್ಲಿಸು" ಅಂದ್ರೆ ವಾದ ಮಾಡದೆ ಮುಂದಿನ ಜಾಗದಲ್ಲಿ ನಿಲ್ಲಿಸಬೇಕು. ಬೆಲ್ಟ್ ಹಾಕಿದಷ್ಟೇ ಸಹಜವಾಗಿ ಈ ಮಾತು ಆಗಲಿ ಅನ್ನೋದು ನನ್ನಾಸೆ.

ಕೊನೇದಾಗಿ, ಈ ರಜೆಯಲ್ಲಿ ಊರಿಗೆ ಹೊರಟಿರೋ ಎಲ್ಲ ದೇಶಗಳ ಕೇಳುಗರಿಗೆ. ನಮ್ಮಲ್ಲಿ ಬಹಳ ಜನರ ವಿಮಾನ ಬೆಂಗಳೂರಿಗೆ ಇಳಿಯೋದು ನಡುರಾತ್ರಿ. ಅಲ್ಲಿಂದ ಹಾಸನಕ್ಕೋ, ಶಿವಮೊಗ್ಗಕ್ಕೋ, ದಾವಣಗೆರೆಗೋ ಅದೇ ರಾತ್ರಿ ಟ್ಯಾಕ್ಸಿ. "ಬೆಳಿಗ್ಗೆ ತಿಂಡಿ ಹೊತ್ತಿಗೆ ಮನೆಯಲ್ಲಿರಬೇಕು." ನಾವು ಹಿಂದೆ ಕೂತು ನಿದ್ದೆ ಹೋಗ್ತೀವಿ, ಎಷ್ಟೋ ಸಲ ಬೆಲ್ಟೂ ಹಾಕಲ್ಲ. ಸಿಡ್ನಿಯಲ್ಲಿ ಅಂಕ ಹೋಗುತ್ತೆ ಅಂತ ಹಾಕೋ ಬೆಲ್ಟು ದೇವನಹಳ್ಳಿಯಲ್ಲಿ ಯಾಕೆ ಮರೆಯುತ್ತೆ? ಭಾರತದಲ್ಲೂ ಹಿಂದಿನ ಸೀಟಿಗೆ ಬೆಲ್ಟ್ ಕಡ್ಡಾಯವೇ. ಇನ್ನು ಮುಂದೆ ಕೂತಿರೋ ಡ್ರೈವರ್ ಯಾವಾಗ ಎದ್ದವರು? ಹಗಲೆಲ್ಲ ಬೇರೆ ಬಾಡಿಗೆ ಓಡಿಸಿ ಬಂದಿರಬಹುದು. 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯ್ದೆ ದಿನಕ್ಕೆ 8 ಗಂಟೆ ಕೆಲಸ ಅಂತ ಹೇಳ್ತಿತ್ತು. ಆದರೆ ರಾತ್ರಿ ಎರಡು ಗಂಟೆಗೆ ತುಮಕೂರು ರಸ್ತೆಯಲ್ಲಿ ಆ ಕಾಯ್ದೆಯನ್ನ ಯಾರು ನೋಡ್ತಿದ್ರು? 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಜನ ಅಂತ ಸರ್ಕಾರದ ವರದಿಯೇ ಹೇಳುತ್ತೆ. ಅದರಲ್ಲಿ 11 ಸಾವಿರಕ್ಕೂ ಹೆಚ್ಚು ಸಾವು ಕರ್ನಾಟಕದಲ್ಲಿ ಆದದ್ದು.

"ಅಣ್ಣಾ, ಊಟ ಆಯ್ತಾ?" ಅಂತ ನಾವು ಕೇಳೇ ಕೇಳ್ತೀವಿ, ಅದು ನಮ್ಮ ಸಂಸ್ಕಾರ. ಜೊತೆಗೆ "ನಿದ್ದೆ ಆಯ್ತಾ?" ಅಂತಲೂ ಕೇಳಿ. ಬಾಡಿಗೆ ಹೋಗಿಬಿಡುತ್ತೆ ಅನ್ನೋ ಭಯದಲ್ಲಿ ಅವರು "ಆಯ್ತು ಸಾರ್" ಅನ್ನಬಹುದು. ಹಾಗಾಗಿ ಆ ಭಯ ಇಲ್ಲದ ಹಾಗೆ ಏರ್ಪಾಡು ಮಾಡಿ: ಆ ರಾತ್ರಿ ಬೆಂಗಳೂರಲ್ಲೇ ನೆಂಟರ ಮನೆಯಲ್ಲೋ ಹೋಟೆಲಿನಲ್ಲೋ ಮಲಗಿ, ಬಾಡಿಗೆಯನ್ನ ಬೆಳಿಗ್ಗೆ ಏಳಕ್ಕೆ ಹೇಳಿ. ಸಾಧ್ಯವೇ ಇಲ್ಲದಿದ್ರೆ ದಾರಿಯಲ್ಲಿ ಅವರು ಮಲಗೋಕೆ ಒಂದು ಗಂಟೆ ಕೊಡಿ, ಕಾಯೋ ಹೊತ್ತಿಗೂ ದುಡ್ಡು ಕೊಡಿ. ನಿಮ್ಮನ್ನ ಕ್ಷೇಮವಾಗಿ ಬಿಟ್ಟು ಅವರೂ ಅವರ ಮನೆ ಸೇರಬೇಕಲ್ಲ. ಮನೆಯಲ್ಲಿ ಕಾಯ್ತಿರೋರಿಗೆ ತಿಂಡಿ ಹೊತ್ತಿಗೆ ಬಂದ್ರೇನು, ಊಟದ ಹೊತ್ತಿಗೆ ಬಂದ್ರೇನು.

ಮೆಲ್ಬರ್ನ್‌ನ ಗೆಳೆಯರೇ, ನಿಮ್ಮ ಅಕ್ಕನಿಗೆ ಇವತ್ತೇ ಫೋನ್ ಮಾಡಿ, ಶನಿವಾರ ಬೆಳಿಗ್ಗೆ ಬರಲ್ಲ, ಸಂಜೆ ಬರ್ತೀವಿ ಅಂತ ಹೇಳಿ. ಡೌನ್‌ಲೋಡ್ ಮಾಡಿದ ಸಂಚಿಕೆಗಳು ಎಲ್ಲೂ ಹೋಗಲ್ಲ, ಹಗಲು ಹೊತ್ತು ದಾರಿಯಲ್ಲಿ ಕೇಳಿ. ಬೋರ್ ಹೊಡೆಸಿದ್ರೆ ಬಂದ್ ಮಾಡಿ, ನನಗೆ ಬೇಜಾರಿಲ್ಲ. ತಲುಪಿದ ಮೇಲೆ ಒಂದು ಸಾಲು ಬರೀರಿ, ಸಾಕು.

ಎಲ್ಲರಿಗೂ ರಜೆಯ ಶುಭಾಶಯಗಳು. ಹೋಗಿ ಬನ್ನಿ. ಹೊಸ ವರ್ಷದಲ್ಲಿ ಹೊಸ ವಿಷಯದೊಂದಿಗೆ ಸಿಗೋಣ.